ಭಾನುವಾರದ ಹಾಸು

ಗಜೇಂದ್ರಗಡ
೨೦ ಆಗಸ್ಟ್ ೨೦೨೫

ಪ್ರೀತಿಯ ತಂಗಿ ಕರುಣಾ,

ಕರ್ತನ ಕೃಪೆಯಿಂದ ಗಂಡ ಹೆಂಡತಿ ನಾವಿಬ್ಬರೂ ಆರಾಮ. ನರಗುಂದದಲ್ಲಿ ನೀನು, ನಿನ್ನ ಮಕ್ಕಳು, ನಿನ್ನ ಆ ಜಂಬದ ಎಮ್ಮೆ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ವಾರದಿಂದ ನಿನ್ನ ಫೋನು ಬಂದಾಗಲೆಲ್ಲ ಗಂಟಲು ನೋವೆಂದು ನಿನ್ನ ಮಾಮಾನ ಕೈಗೆ ಕೊಟ್ಟೆ. ತಪ್ಪಾಯಿತು, ಗಂಟಲು ಚೆನ್ನಾಗಿಯೇ ಇದೆ. ನಿನಗೆ ಹೇಳಲೇಬೇಕಾದ ಒಂದು ಮಾತಿದೆ. ಫೋನಿನಲ್ಲಿ ನೀನು ನನಗೆಲ್ಲಿ ಬಾಯಿ ತೆರೆಯಲು ಬಿಡುತ್ತೀ? ಅದಕ್ಕೇ ಕಾಗದ. ಹೇಳಿದ ಮೇಲೆ ನೀನು ಮಾತು ಬಿಟ್ಟೀಯೆಂಬ ಹೆದರಿಕೆಯಿದೆ. ಧೈರ್ಯ ಬರುವ ತನಕ ಊರ ಸುದ್ದಿ ಬರೆಯುತ್ತೇನೆ.

ಕಣ್ಣಿನ ಆಪರೇಷನ್ ಆದಾಗಿನಿಂದ ನಿನ್ನ ಮಾಮಾನಿಗೆ ಒಂದೊಂದು ಎಳೆಯೂ ಕಾಣುತ್ತದೆ. ನನ್ನ ನೇಯ್ಗೆಯಲ್ಲಿ ತಪ್ಪು ಹುಡುಕುವುದೇ ಈಗ ಅವರ ಉದ್ಯೋಗ. ಮಗ್ಗ ನಡೆದಿದೆ, ಹೊಟ್ಟೆ ತುಂಬುತ್ತಿದೆ, ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತೇವೆ. ಸುಖವಾಗಿದ್ದೇನೆ ಕರುಣಾ, ಸುಳ್ಳಲ್ಲ.

ನಮ್ಮ ಓಣಿಯ ಪದ್ಧತಿ ನಿನಗೆ ಗೊತ್ತಲ್ಲ. ಯಾರ ಮಗ್ಗದ ಹಾಸೇ ಇರಲಿ, ಆ ಉದ್ದೆಳೆಯ ನೂಲನ್ನು ಓಣಿಯುದ್ದಕ್ಕೂ ಚಾಚಿ ಗಂಜಿ ಹಚ್ಚುವಾಗ ಎಲ್ಲ ಮನೆಯವರೂ ಕೈ ಹಚ್ಚಬೇಕು. ಅವರೆಲ್ಲ ಭಾನುವಾರ ಚಾಚುತ್ತಾರೆ, ನಾನು ಸೋಮವಾರ. ಇಪ್ಪತ್ತಾರು ವರ್ಷ ಅವರು ನನ್ನ ಸೋಮವಾರಕ್ಕೆ ಬಂದರು, ನಾನು ಅವರ ಭಾನುವಾರಕ್ಕೆ ಒಮ್ಮೆಯೂ ಹೋಗಲಿಲ್ಲ. ಭಾನುವಾರ ದುಡಿಯದೆ ವಿಶ್ರಾಂತಿ ದಿನದ ಆಜ್ಞೆ ಪಾಲಿಸುವವಳೆಂದು ಚರ್ಚಿನ ಸಭೆಯಲ್ಲಿ ತಲೆಯೆತ್ತಿ ಕೂರುತ್ತಿದ್ದೆ. ಆ ಆಜ್ಞೆ ಯಾರ ಕೈಗಳ ಮೇಲೆ ನಿಂತಿತ್ತೆಂದು ಯೋಚಿಸಿರಲಿಲ್ಲ.

ಈ ತಿಂಗಳ ಮೊದಲ ಭಾನುವಾರ ಬಿಳಿ ಸೀರೆಯುಟ್ಟು ಆರಾಧನೆಗೆ ಹೊರಟೆ. ಪಕ್ಕದ ಮನೆಯ ಕಳಕವ್ವನ ಹಾಸು ಓಣಿಯಲ್ಲಿ ಚಾಚಿತ್ತು, ಅರ್ಧಕ್ಕಷ್ಟೇ ಗಂಜಿ ಹತ್ತಿತ್ತು. ಅವಳ ಗಂಡ ಹನಮಂತಪ್ಪ ಸೊಂಟ ಹಿಡಿದು ಮಲಗಿದ್ದ. ಓಣಿಯ ಅರ್ಧ ಜನ ಜಕ್ಕಲಿ ಊರಿಗೆ ಮದುವೆಗೆ ಹೋಗಿದ್ದರು. ಗುಡ್ಡದ ಕಡೆಯಿಂದ ಮೋಡ ಕವಿಯುತ್ತಿತ್ತು. ನಾಲ್ಕು ಹನಿ ಬಿದ್ದರೆ ನೂಲು ಗಂಟಾಗಿ ತಿಂಗಳ ನೇಯ್ಗೆಯೇ ಹಾಳು. ಆದರೂ ಅವಳು ನನ್ನನ್ನು ಕರೆಯಲಿಲ್ಲ.

"ನೀ ಹೋಗ ರೂತವ್ವಾ, ನಿಮ್ಮ ಪ್ರಾರ್ಥನಿಗೆ ಹೊತ್ತಾಕ್ಕೈತಿ," ಎಂದಳು. ಮಾತಿನಲ್ಲಿ ಕೊಂಕಿದ್ದರೆ ನಡೆದುಬಿಡುತ್ತಿದ್ದೆ. ಇರಲಿಲ್ಲ. ಹತ್ತು ಹೆಜ್ಜೆ ಹೋದೆ, ಮುಂದೆ ಕಾಲು ಬರಲಿಲ್ಲ. ತಿರುಗಿ ಬಂದು ಹಾಡಿನ ಪುಸ್ತಕವನ್ನು ಅವಳ ಗೋಡೆಯ ಮಾಡದಲ್ಲಿಟ್ಟು, ಸೆರಗು ಕಟ್ಟಿ, ಕುಂಚ ಹಿಡಿದೆ.

ಎದುರುಮನೆಯ ರಮಜಾನಬಿ ಬಿಡುತ್ತಾಳೆಯೇ? "ಏನವ್ವಾ, ಇವತ್ತ ನಿಮ್ಮ ದೇವ್ರು ರಜಾ ಕೊಟ್ಟಾನೇನ?"

"ರಜಾ ಅಲ್ಲಬೇ, ಕೆಲಸಾ ಕೊಟ್ಟಾನ. ಮಾತು ಬಿಟ್ಟು ಲಗೂ ಎಳಿ ಬಿಡಿಸು," ಎಂದೆ.

ಹಾಸು ಒಣಗಿಸಿ, ಸುತ್ತಿ ಒಳಗಿಟ್ಟ ಮೇಲೆ ಮಳೆ ಬಂತು. ಕಳಕವ್ವ ನನ್ನ ಗಂಜಿ ಕೈಗಳನ್ನು ತನ್ನ ಸೆರಗಿನಿಂದ ಒರೆಸಿದಳು. ನನಗೆ ಅಳು ಬಂತು.

ಸಭೆಗೆ ಹೋದಾಗ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಶುರುವಾಗಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಸಭಾಪಾಲಕರು ನನ್ನ ಕೈ ನೋಡಿ, "ಬರ್ರಿ ರೂತವ್ವ, ಜಾಗಾ ಐತಿ," ಎಂದರಷ್ಟೆ. ಮೊಣಕಾಲೂರಿದೆ. ಯಾರಿಗಾದರೂ ನಿಮ್ಮಿಂದ ನೋವಾಗಿದ್ದರೆ ಮೊದಲು ಹೋಗಿ ಒಂದಾಗಿರೆಂಬ ಮಾತನ್ನು ಅವರು ಎಂದಿನಂತೆ ಓದಿದರು. ನೂರು ಸಲ ಕೇಳಿದ ಮಾತು. ಆವತ್ತು ಮಾತ್ರ ನಿನ್ನ ಮುಖ ಕಣ್ಣ ಮುಂದೆ ಬಂತು. ರೊಟ್ಟಿಗೆ ಕೈಯೊಡ್ಡಲಾಗದೆ ಎದ್ದುಬಂದೆ.

ಕರ್ತನು ನಿನ್ನ ಮನೆಯನ್ನು ಕಾಯಲಿ, ಮಕ್ಕಳ ತಲೆಯ ಮೇಲೆ ಕೈಯಿಟ್ಟಿರಲಿ. ಎಮ್ಮೆಗೂ ನನ್ನ ಆಶೀರ್ವಾದ ಹೇಳು.

ನಿನ್ನ ಅಕ್ಕ,
ರೂತವ್ವ

ತಾ.ಕ.: ಕಾಗದ ಮುಗಿಯಿತು, ಮಾತು ಉಳಿದೇಬಿಟ್ಟಿತು ನೋಡು. ಒಂಬತ್ತು ವರ್ಷದ ಹಿಂದೆ ಆ ಭಾನುವಾರ ಬೆಳಿಗ್ಗೆ ನೀನು ಫೋನು ಮಾಡಿ, "ಅಕ್ಕಾ, ಅವ್ವ ನಿನ್ನ ಹೆಸರು ಹಿಡಿದು ಕರಿಯಾಕತ್ತಾಳ, ಲಗೂ ಬಾ" ಎಂದೆ. ನಾನು ಮಧ್ಯಾಹ್ನ ಬಂದಾಗ ಅವ್ವನ ಕಣ್ಣು ಮುಚ್ಚಿಯಾಗಿತ್ತು. ಬಸ್ಸು ತಪ್ಪಿತೆಂದೆ. ನೀನು ನಂಬಿ, ನಿನ್ನ ದುಃಖ ಬಿಟ್ಟು ನನ್ನನ್ನು ಸಮಾಧಾನ ಮಾಡಿದೆ. ಬಸ್ಸು ತಪ್ಪಿರಲಿಲ್ಲ ಕರುಣಾ. ನಿಲ್ದಾಣದಲ್ಲಿ ನಿಂತೇ ಇತ್ತು. ಅದನ್ನು ನೋಡುತ್ತಲೇ ದಾಟಿ ಆರಾಧನೆಗೆ ಹೋದೆ, ಎಲ್ಲ ಹಾಡುಗಳನ್ನೂ ಹಾಡಿದೆ. ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಒಳಗೆ ಕರೆಯದಿದ್ದರೆ ನಿನ್ನ ಕಟ್ಟೆಯ ಮೇಲೆ ಕುಳಿತಿರುತ್ತೇನೆ.