ಗೂಟಕ್ಕೆ ಕಟ್ಟಿ ಬಂದ ಬೈಕು

೧೯ ಸೆಪ್ಟೆಂಬರ್ ೨೦೦೪, ಭಾನುವಾರ. ಬೆಳಿಗ್ಗೆ, ಚಳ್ಳಕೆರೆ

ವಾರ್ಷಿಕ ಸಭೆಯ ಭಾಷಣ. ಮೊದಲ ಸಾಲುಗಳನ್ನು ಎಂದಿನಂತೆ ಇಲ್ಲೇ ಬರೆದು, ಗಟ್ಟಿಯಾಗಿ ಓದಿ ನೋಡಿದೆ —

“ನಮ್ಮ ಪತ್ತಿನ ಸಹಕಾರ ಸಂಘದ ಸಭೆಗೆ ಬಂದಿರುವ ಎಲ್ಲರಿಗೂ ಶರಣು. ಮನೆಮನೆ ತಿರುಗಿ ಷೇರು ಕೂಡಿಸಿದ ಹಿರಿಯರಿಗೆ, ಬೆಳೆ ಕೈಕೊಟ್ಟ ವರ್ಷವೂ ಕಂತು ತಪ್ಪಿಸದ ತಾಯಂದಿರಿಗೆ ಕೃತಜ್ಞತೆ. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದಕ್ಕೆ ಪತ್ತು ಎಂದು ಹೆಸರು...”

ಅಡುಗೆಮನೆಯಿಂದ ಹೆಂಡತಿ ಕೊಟ್ರಮ್ಮ: “ಹಿರಿಯರ್ನ ನೆನೆಯೋದ್ರಾಗೇ ಉಪ್ಪಿಟ್ಟು ತಣ್ಣಗಾತು. ಮೊದ್ಲು ತಿನ್ರಿ, ಆಮೇಲೆ ಅಧ್ಯಕ್ಷರಾಗ್ರಿ.”

ಅದೇ ದಿನ, ಸಂಜೆ

ಸಭೆ ಚೆನ್ನಾಗಿಯೇ ಆಯಿತು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ರವಿಕಿರಣ್. ರಾಂಪುರದ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ಈಗ ಇಲ್ಲಿಯೇ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್.

“ಸಾರ್, ಪತ್ತು ಒಂದ್ಸಲ ಹೋದ್ರೆ ವಾಪಸ್ ಬರ್ತೈತಾ?”

ಉಪಾಧ್ಯಕ್ಷ ಶಾಂತವೀರಪ್ಪನವರು — ಎಣ್ಣೆ ಮಿಲ್ಲಿನ ಯಜಮಾನರು — ಮೈಕಿನಲ್ಲೇ, “ಅದೇನ್ ತಪ್ಪಿಸ್ಕಂಡ ಕುರಿ ಏನಪ್ಪಾ, ಹೊತ್ತು ಮುಳುಗಿದ್ ಮೇಲೆ ತಾನೇ ಬರಾಕೆ?” ಎಂದರು. ಸಭೆ ನಕ್ಕಿತು. ಹುಡುಗ ನಗಲಿಲ್ಲ.

“ಬರುತ್ತದೆ” ಎಂದೆ. ಚಪ್ಪಾಳೆ ಬಿತ್ತು. ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ.

೨೧ ಸೆಪ್ಟೆಂಬರ್

ಅವನು ಕೇಳಿದ. ಮನೆಗೇ ಬಂದ.

ರಾಂಪುರದಲ್ಲಿ, ಬಳ್ಳಾರಿ ರಸ್ತೆಯ ಮೇಲೆ, ದೊಡ್ಡಪಾಲಯ್ಯನ ಮಳಿಗೆ ಖಾಲಿಯಿದೆ. ಅಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಇಡುವ ಆಸೆ. ಯುಗಾದಿಯವರೆಗೆ ಕಾಯುವುದಾಗಿ ದೊಡ್ಡಪಾಲಯ್ಯ ಮಾತು ಕೊಟ್ಟಿದ್ದಾನೆ. ಆದರೆ ಯಾವ ಬ್ಯಾಂಕೂ ಸಾಲ ಕೊಡದು. ಮೊಳಕಾಲ್ಮುರಿನ ಬ್ಯಾಂಕಿನಲ್ಲಿ ‘ನೀನು ಸುಸ್ತಿದಾರ, ಹಳೆಯ ಸಾಲ ಬಾಕಿ ಇದೆ’ ಎಂದರಂತೆ. ಅಲ್ಲಿಯವರೆಗೆ ಅವನಿಗೆ ಅದು ಗೊತ್ತೇ ಇರಲಿಲ್ಲ!

ಕಾರಣ, ಹರೆಯದಲ್ಲಿ ಫೈನಾನ್ಸಿನಲ್ಲಿ ತೆಗೆದ ಬೈಕು.

“ಗೆಳೆಯರ ಮುಂದೆ ಮೆರೆಯಾಕೆ ತಗಂಡೆ ಸಾರ್. ಕಂತು ಕಟ್ಟಾಕಾಗ್ಲಿಲ್ಲ. ಗಾಡಿ ತೊಳೆದೆ, ಪೆಟ್ರೋಲ್ ಹಾಕ್ಸಿದೆ, ಫೈನಾನ್ಸ್ ಆಫೀಸ್ ಮುಂದೆ ನಿಲ್ಸಿದೆ. ಮೇಜಿನ ಮೇಲೆ ಕೀಲಿ ಇಟ್ಟು, ಜತೆಗೆ ಎಲೆ ಅಡಿಕೆ ಇಟ್ಟು ಬಂದೆ.”

“ಎಲೆ ಅಡಿಕೆ ಯಾಕೋ?”

“ನಮ್ಮಪ್ಪ ಹಂಗೇ ಮಾಡ್ತಿದ್ದ. ಕಂತಿನ ಮೇಲೆ ಎತ್ತು ತಂದು, ಕೈಲಾಗ್ಲಿಲ್ಲ ಅಂದ್ರೆ, ಕೊಟ್ಟೋರ ಗೂಟಕ್ಕೇ ಕಟ್ಟಿ ಎಲೆ ಅಡಿಕೆ ಕೊಡ್ತಿದ್ದ. ಅಲ್ಲಿಗೆ ಮುಗೀತು. ಆಮೇಲೆ ಯಾರೂ ಬಾಕಿ ಅನ್ನಂಗಿಲ್ಲ.”

ಅವನಪ್ಪ ಸಣ್ಣತಿಮ್ಮಪ್ಪ ಎತ್ತಿನ ವ್ಯಾಪಾರದವರು. ಅವರ ಲೋಕದಲ್ಲಿ ಅದು ನ್ಯಾಯವೇ. ಫೈನಾನ್ಸಿನವರು ಬೈಕನ್ನು ಸಿಕ್ಕ ಬೆಲೆಗೆ ಹರಾಜು ಹಾಕಿದರು. ಉಳಿದದ್ದು ಇವನ ಹೆಸರಿನಲ್ಲಿ ಬಡ್ಡಿಯೊಡನೆ ಬೆಳೆಯಿತು. ಪತ್ರಗಳು ಹೋದದ್ದು ಹಳೆಯ ವಿಳಾಸಕ್ಕೆ.

ಗಾಡಿ ತೊಳೆದು ತಂದು ಒಪ್ಪಿಸಿದ ಹುಡುಗನನ್ನು ಸುಸ್ತಿದಾರ ಎಂದು ಹೇಗೆ ಕರೆಯುವುದು? ಕರೆದಿದ್ದಾರೆ.

೪ ಅಕ್ಟೋಬರ್

ಅವನೊಡನೆ ಫೈನಾನ್ಸ್ ಆಫೀಸಿಗೆ ಹೋದೆ. ಮ್ಯಾನೇಜರ್ ಸಣ್ಣ ವಯಸ್ಸಿನವನು, ಸೌಜನ್ಯವಂತ. “ಅರ್ಧ ಕಟ್ಟಿ ಸಾರ್, ಸೆಟಲ್‌ಮೆಂಟ್ ಮಾಡಿ ಮುಗಿಸಿಬಿಡೋಣ.”

ರವಿಯ ಮುಖ ಅರಳಿತು. ನಾನು ಕೇಳಿದೆ — ‘ಬಾಕಿ ಇಲ್ಲ’ ಎಂದು ಬರೆದುಕೊಡುತ್ತೀರಾ?

“ಅದು ಪೂರ್ತಿ ಕಟ್ಟಿದೋರಿಗೆ ಸಾರ್. ಇವರಿಗೆ ‘ರಾಜಿ ಆಗಿದೆ’ ಅಂತ ಕೊಡ್ತೀವಿ.”

ಹೊರಗೆ ಟೀ ಅಂಗಡಿಯಲ್ಲಿ ಕುಳಿತೆವು. “ಅರ್ಧ ಆದ್ರೆ ಯುಗಾದಿಯೊಳಗೆ ಮಳಿಗೆ ಹಿಡೀತೀನಿ ಸಾರ್. ಮುಂಗಡಕ್ಕೆ ಕೈಯಾಗಿರೋದೇ ಸಾಕಾಗ್ತೈತೆ.”

ರಾಜಿಯ ಕಾಗದ ತೋರಿಸಿದರೆ ಮುಂದೆ ಯಾವ ಬ್ಯಾಂಕೂ ಬಾಗಿಲು ತೆರೆಯದು ಎಂದು ವಿವರಿಸಿದೆ. ಪೂರ್ತಿ ಕಟ್ಟು ಎಂದೆ. ಲೋಟದ ತಳದ ಸಕ್ಕರೆಯನ್ನು ಬಹಳ ಹೊತ್ತು ಅಲ್ಲಾಡಿಸಿದ.

“ನೀವ್ ಹೇಳಿದ್ರೆ ಸರಿ ಸಾರ್.”

ಈ ಮಾತು ಇಷ್ಟು ಭಾರವಾಗಿ ಹಿಂದೆಂದೂ ಕೇಳಿಸಿರಲಿಲ್ಲ.

೯ ಏಪ್ರಿಲ್ ೨೦೦೫, ಯುಗಾದಿ

ಆರು ತಿಂಗಳಿಂದ ಶೆಡ್ಡಿನಲ್ಲಿ ಎರಡು ಪಾಳಿ ದುಡಿಯುತ್ತಿದ್ದಾನೆ. ಇನ್ನೂ ಬಾಕಿ ಉಳಿದಿದೆ.

ದೊಡ್ಡಪಾಲಯ್ಯ ಇವತ್ತು ಮಳಿಗೆಯನ್ನು ಸಿಮೆಂಟ್ ವ್ಯಾಪಾರಿಗೆ ಕೊಟ್ಟ. ಮಾತು ತಪ್ಪಲಿಲ್ಲ ಅವನು, ಯುಗಾದಿಯವರೆಗೆ ಕಾದಿದ್ದ.

ಮಧ್ಯಾಹ್ನ ರವಿಯ ತಾಯಿ ಲಕ್ಷ್ಮಕ್ಕ ಬಂದರು. ಕೊಟ್ರಮ್ಮನ ಕೈಗೆ ಹೋಳಿಗೆ ಕೊಟ್ಟು ನನ್ನ ಕಡೆ ತಿರುಗಿ, “ನೀವ್ ಒಳ್ಳೇದಕ್ಕೇ ಹೇಳಿರ್ತೀರಿ ಮೇಷ್ಟ್ರೇ” ಎಂದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು...



೨೨ ಆಗಸ್ಟ್

‘ಬಾಕಿ ಇಲ್ಲ’ ಪತ್ರ ಬಂತು. ರವಿ ಅದಕ್ಕೆ ಪ್ಲಾಸ್ಟಿಕ್ ಹೊದಿಸಿಕೊಂಡು ಬಂದ. ಆನಂದ. ನಾನೇ ಅವನ ಅರ್ಜಿಯನ್ನು ಸಂಘದ ಆಡಳಿತ ಮಂಡಳಿಯ ಮುಂದಿಟ್ಟೆ. ಬೇಡಿಕೆ ಚಿಕ್ಕದು; ವೆಲ್ಡಿಂಗ್ ಸೆಟ್ಟಿಗಷ್ಟೇ.

ಶಾಂತವೀರಪ್ಪನವರು ಕನ್ನಡಕ ಏರಿಸಿ ಓದಿದರು. “ಕಾಗದ ಸರಿ ಐತೆ. ಜಾಮೀನು ಯಾರು?”

ಅದೇ ಇಲ್ಲ. ಜೊತೆಯಲ್ಲಿ ಮೆರೆದ ಗೆಳೆಯರು ಯಾರೂ ಸಹಿಗೆ ಬರುವುದಿಲ್ಲ. ನೆಂಟರು ಮೊದಲೇ ಕೈಯೆತ್ತಿದ್ದಾರೆ. ಹಳೆಯದನ್ನು ತೀರಿಸಿದ, ಆದರೆ ಹೊಸ ಸಾಲ ತೀರಿಸಿ ತೋರಿಸದೆ ಯಾರೂ ನಂಬರು, ಯಾರಾದರೂ ನಂಬದೆ ಹೊಸ ಸಾಲ ಸಿಗದು. ಈ ಕೋಣೆಗೆ ಬಾಗಿಲೇ ಇಲ್ಲವೇ?

“ನಾನು ನಿಲ್ಲುತ್ತೇನೆ” ಎಂದೆ.

“ಮಂಡಳಿಯೋರು ಜಾಮೀನು ನಿಲ್ಲಂಗಿಲ್ಲ. ಬೈಲಾ ನೀವೇ ಬರೆದಿದ್ದು ಮೇಷ್ಟ್ರೇ!” ಎಂದು ನಕ್ಕರು. ವ್ಯಂಗ್ಯವಿರಲಿಲ್ಲ. ಬೈಲಾ ಸರಿಯಾಗಿಯೇ ಇದೆ. ಇವತ್ತು ಬರೆಯಲು ಕೂತರೂ ಹಾಗೆಯೇ ಬರೆಯುತ್ತೇನೆ.

೨೬ ಆಗಸ್ಟ್

ಅವನಿಗೆ ಪೂರ್ತಿ ಕಟ್ಟು ಎಂದವನು ನಾನು.

೧ ಸೆಪ್ಟೆಂಬರ್

ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ನಿರ್ದೇಶಕತ್ವಕ್ಕೂ. ಈಗ ಸಾಮಾನ್ಯ ಸದಸ್ಯ, ಜಾಮೀನು ನಿಲ್ಲಬಹುದು.

ಕೊಟ್ರಮ್ಮ ಶೇಂಗಾ ಬಿಡಿಸುತ್ತಿದ್ದಳು. “ಸಂಘ ನಿಮ್ಮ ಹಿರೇಮಗ ಇದ್ದಂಗೆ ಇತ್ತು. ಈಗ ಆ ಮಗನ್ನ ಬಿಟ್ಟು ಇನ್ನೊಂದ್ನ ಎತ್ಕಂಡ್ರಾ?”

“ಬೇಜಾರಾಯಿತೇ?”

“ಆತು. ಅವ್ನಿಗೆ ಹೇಳ್ರಿ, ನನಗೂ ಅಟ್ಟಕ್ಕೆ ಕೈ ಎಟುಕಾಕೆ ಒಂದು ಗಟ್ಟಿ ಕಬ್ಬಿಣದ ಮೆಟ್ಲುಮಣೆ ಮಾಡ್ಕೊಡ್ಲಿ. ಪುಗಸಟ್ಟೆ.”

ರಾಜೀನಾಮೆ ಒಪ್ಪಿ, ನನ್ನ ಜಾಮೀನಿನ ಮೇಲೆ ಮಂಡಳಿ ಇವತ್ತೇ ಸಾಲ ಮಂಜೂರು ಮಾಡಿದೆ. ಒಂದು ಷರತ್ತು, ಶಾಂತವೀರಪ್ಪನವರದು — ಪ್ರತಿ ತಿಂಗಳ ಕಂತು ಹತ್ತನೆಯ ತಾರೀಕು ಮೀರುವಂತಿಲ್ಲ. ಒಂದು ಸಲ ಮೀರಿದರೂ ಇವನಿಗೆ ಮುಂದೆ ಸಂಘದಿಂದ ಸಾಲವಿಲ್ಲ. ಜಾಮೀನುದಾರ ಕಟ್ಟಿದರೆ ಅದೂ ಮೀರಿದಂತೆಯೇ ಲೆಕ್ಕ. ವರ್ಷವಿಡೀ ಸರಿಯಾಗಿ ಕಟ್ಟಿದರೆ ಅಂಗಡಿಗೆ ದೊಡ್ಡ ಸಾಲ ಕೊಡುತ್ತಾರೆ.

೧೦ ಡಿಸೆಂಬರ್

ಮಳಿಗೆ ಇಲ್ಲ. ರಾಂಪುರದ ಮನೆ ಪಕ್ಕದ ದನದ ಕೊಟ್ಟಿಗೆಯಲ್ಲೇ ಕೆಲಸ. ರಸ್ತೆಗೆ ಕಾಣಿಸದು, ಹುಡುಕಿಕೊಂಡು ಬಂದವರಷ್ಟೇ ಗಿರಾಕಿಗಳು. ಆದರೂ ಕಂತು ತಪ್ಪಿಲ್ಲ. ತಂಗಿ ನಾಗರತ್ನ ಬಸ್ಸಿನಲ್ಲಿ ಚಳ್ಳಕೆರೆಗೆ ಬಂದು ಕಟ್ಟಿ, ಎಸ್.ಟಿ.ಡಿ. ಬೂತಿನಿಂದ ನಮಗೆ ಫೋನ್ ಮಾಡಿ ಹೋಗುತ್ತಾಳೆ.

ಹತ್ತನೆಯ ತಾರೀಕು ಆ ಫೋನ್ ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ಸಾಲ ಅವನದು; ಕಟ್ಟಿಹಾಕಿದ್ದು ಇಬ್ಬರನ್ನೂ.

೯ ಫೆಬ್ರವರಿ ೨೦೦೬, ಸಂಜೆ

ನಾಗರತ್ನಳ ಫೋನ್. ಕಂತು ಕಟ್ಟಿದ್ದಕ್ಕಲ್ಲ. “ಅಣ್ಣನ ಕಣ್ಣಿಗೆ ವೆಲ್ಡಿಂಗ್ ಬೆಳಕು ಹೊಡದೈತೆ ಮೇಷ್ಟ್ರೇ. ಬಿಡಾಕೇ ಆಗ್ವಲ್ದು.” ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಹಿಡಿಯುವ ಕಪ್ಪು ಗಾಜು ಒಡೆದಿತ್ತಂತೆ. ಹೊಸದು ಕೊಂಡರೆ ಕಂತಿಗೆ ಕಡಿಮೆ ಬೀಳುತ್ತದೆ ಎಂದು ಒಡಕು ಗಾಜಿನಲ್ಲೇ ಕೆಲಸ ಮಾಡಿದ್ದಾನೆ.

ಹತ್ತನೆಯ ತಾರೀಕಿನ ಭಯವನ್ನು ಅವನೊಳಗೆ ಬಿತ್ತಿದವನು ಯಾರು?

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಕೊಟ್ರಮ್ಮ ನನ್ನ ಜುಬ್ಬಾದ ಜೇಬಿಗೆ ನೋಟುಗಳನ್ನಿಟ್ಟಳು. “ಇರ್ಲಿ, ಇಟ್ಕಂಡಿರ್ರಿ.”

೧೦ ಫೆಬ್ರವರಿ. ಬೆಳಿಗ್ಗೆ, ರಾಂಪುರ

ಕೊಟ್ಟಿಗೆಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಲಕ್ಷ್ಮಕ್ಕ ಟೀ ತರಲು ಒಳಗೆ ಹೋಗಿದ್ದಾರೆ.

ರವಿ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಎರಡು ದಿನ ಕಣ್ಣು ತೆರೆಯಬೇಡ ಎಂದಿದ್ದಾರಂತೆ ಡಾಕ್ಟರು. ವಾಸಿಯಾಗುತ್ತದೆ ಎಂದೂ ಹೇಳಿದ್ದಾರೆ. ನನ್ನ ಕೆಮ್ಮು ಕೇಳಿ ಎದ್ದು ಕೂತ.

“ಕ್ಯಾತಣ್ಣನ ಮನೆ ಗೇಟು ಸಾರ್. ನಾಳೆ ಅವ್ರ ಗೃಹಪ್ರವೇಶ. ಇವತ್ತು ಮಧ್ಯಾಹ್ನ ಒಯ್ದು ದುಡ್ಡು ಕೊಡ್ತಾರೆ. ಅದ್ರಾಗೇ ಕಂತು ಕಟ್ಟೋದಿತ್ತು...” ಆಮೇಲೆ ದನಿ ತಗ್ಗಿಸಿ, “ಈ ಸಲ ನೀವೇ ನನ್ನ ಕೈಗೆ ಕೊಟ್ಬಿಡ್ರಿ. ನಾಗಿ ಹೋಗಿ ಕಟ್ತಾಳೆ. ಯಾರಿಗ್ ಗೊತ್ತಾಗ್ತೈತೆ?”

ಯಾರಿಗೂ ಆಗುವುದಿಲ್ಲ. ಕೈ ಜೇಬಿನವರೆಗೂ ಹೋಯಿತು. ಅವನು ಕುರುಡನಂತೆ ನನ್ನತ್ತ ಮುಖ ಮಾಡಿ ಕಾಯುತ್ತಿದ್ದ. ಕೊಟ್ಟರೆ ಇವತ್ತಿನ ದಿನ ದಾಟುತ್ತದೆ. ಮುಂದಿನ ತಿಂಗಳೂ ಅವನು ಇದೇ ಜೇಬಿನ ಕಡೆ ತಿರುಗುತ್ತಾನೆ, ನಾನೂ ಕೊಡುತ್ತೇನೆ. ನನ್ನನ್ನು ನಾನು ಬಲ್ಲೆ.

“ಗೇಟಿಗೆ ಇನ್ನೇನು ಬಾಕಿ?”

“ವೆಲ್ಡಿಂಗ್ ಎಲ್ಲಾ ಆಗೈತೆ. ತುಕ್ಕು ಹಿಡೀದಂಗೆ ರೆಡ್ ಆಕ್ಸೈಡ್ ಬಣ್ಣ ಹೊಡೀಬೇಕು, ಅಷ್ಟೇ.”

“ಬ್ರಶ್ ಎಲ್ಲಿದೆ?”

“ಯಾರು, ನೀವಾ? ಬೋರ್ಡಿನ ಮೇಲೆ ಸೀಮೆಸುಣ್ಣದಾಗೆ ಬರೆದಂಗಲ್ಲ ಸಾರ್ ಅದು!” ಬಟ್ಟೆಯ ಕೆಳಗೆ ನಕ್ಕ. ಈ ಮನೆಗೆ ಬಂದ ಮೇಲೆ ಮೊದಲ ನಗು.

“ಇವತ್ತು ನಾನು ನಿನ್ನ ಕೂಲಿಯಾಳು. ಹೇಗೆ ಹೊಡೆಯಬೇಕೆಂದು ನೀನೇ ಹೇಳು.”

ನಾಗರತ್ನ ಡಬ್ಬಿಯ ಮುಚ್ಚಳ ಕಿತ್ತಿದ್ದಾಳೆ. ಬಿಸಿಲು ಗೇಟಿನ ಮೇಲೆ ಬಿದ್ದಾಗಿದೆ, ಬೇಗ ಒಣಗಬಹುದು. ಒಣಗದಿದ್ದರೆ — ಬೇಡ. ರವಿ ಗೋಡೆ ಹಿಡಿದು ಬಂದು ಗೇಟಿನ ಪಕ್ಕ ಕೂತಿದ್ದಾನೆ. ಕಂಬಿಗಳನ್ನು ಬೆರಳಿನಿಂದ ತಡವಿ ಎಣಿಸುತ್ತಿದ್ದಾನೆ. ಕರೆಯುತ್ತಿದ್ದಾನೆ —

“ಬರೆದದ್ದು ಸಾಕು, ಬರ್ರಿ ಸಾರ್! ಮೇಲಿನ ಮೂಲೆಯಿಂದ ಶುರು ಮಾಡ್ರಿ, ಬ್ರಶ್ ತೀರಾ ಅದ್ದಬ್ಯಾಡ್ರಿ, ದಪ್ಪ ಆದ್ರೆ ಒಣಗಂಗಿಲ್ಲ.”