ಬೈಬಲ್ಲಿನೊಳಗಿನ ಪಾಸ್‌ವರ್ಡ್

ಶೋಶಾ ಮೋಳೇ, ನನ್ನ ಮಗಳೇ,

ನಾನು ವಡಕ್ಕೇಡತ್ ಮನೆಯ ಏಲಿಯಾಮ್ಮ. ಇಲ್ಲಿ ನಾನು ಹೇಳದೆ ಬಾಗಿಲು ತೆರೆಯುವುದಿಲ್ಲ.

ಪಟ್ಟಿ, ಸರತಿ, ಮರ ಎಂದು ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡಲು ನೀನು ಬರೆದು ಲೋಕಕ್ಕೆ ಹಂಚಿದ ಕೋಡನ್ನು ಆಸ್ಪತ್ರೆಗಳೂ ಬಳಸುತ್ತವಂತೆ. ನೀನು ತೀರಿಹೋದ ಮೇಲೆ ಅದನ್ನು ತಿದ್ದಲು ಬೇಕಾದ ಪಾಸ್‌ವರ್ಡ್ ನನ್ನ ಬೈಬಲ್ಲಿನಲ್ಲಿದೆ.

ಬೆಳಿಗ್ಗೆ ಒಬ್ಬ ಫೋನ್ ಮಾಡಿದ. "ಅಮ್ಮಚ್ಚೀ, ಪಾಸ್‌ವರ್ಡ್ ಕೊಡಿ, ಇನ್ಮೇಲೆ ಕೋಡ್ ನಾನು ನೋಡ್ಕೋತೀನಿ."

"ಯಾವ ಮನೆಯವನೋ ನೀನು?"

ಥಟ್ಟನೆ ದೊಡ್ಡ ಮನೆತನದ ಹೆಸರು ಹೇಳಿದ. ನಂಬಿ ಎರಡಕ್ಷರ ಓದಿಯೂ ಬಿಟ್ಟೆ.

"ಬೇಗ ಓದೇ ಮುದುಕೀ" ಎಂದು ಗೊಣಗಿದ್ದು ಕೇಳಿಸಿತು. ಫೋನ್ ಇಟ್ಟೆ. ಆ ಮನೆಯಲ್ಲಿ ವಿಚಾರಿಸಿದರೆ ಅಂಥವನೇ ಇಲ್ಲ! ಕೋಡಿನೊಳಗೆ ಏನು ಸೇರಿಸುತ್ತಿದ್ದನೋ, ಯಾರ ಔಷಧಿ ಯಾರಿಗೆ ಹೋಗುತ್ತಿತ್ತೋ. ಫೋನ್ ಮತ್ತೆ ಮತ್ತೆ ಬಡಿದುಕೊಳ್ಳುತ್ತಿದೆ.

ನಿನ್ನ ಜೊತೆ ಆ ಕೋಡನ್ನು ಬರೆದ ಅಜ್ಮಲ ಅಂದು ನಿನ್ನನ್ನು ನೋಡಲು ಬಂದಾಗ, ಮನೆಹೆಸರು ಕೇಳಿಯೇ ಅವನನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿದ್ದೆ. ಇಂದು ಅವನನ್ನೇ ಕರೆಸಿ, ನಿನ್ನ ಕುರ್ಚಿಯಲ್ಲಿ ಕೂರಿಸಿ, ಪಾಸ್‌ವರ್ಡ್ ಕೊಟ್ಟೆ.