ಇವರ ಕಿವಿ ಮೆಷಿನ್ ಕೇಸು

ಮಾರ್ಚ್ 3, ಸಂಜೆ

ಊಟದ ಟೇಬಲ್ ಮೇಲೆ ಊಟಕ್ಕೇ ಜಾಗ ಇಲ್ಲ. ಕಿವಿ ಮೆಷಿನ್ನಿನ ಬಿಲ್ಲು, ವಾರಂಟಿ ಕಾರ್ಡು, ಅಂಗಡಿಯವನ ಮೆಸೇಜುಗಳ ಪ್ರಿಂಟು. ಗ್ರಾಹಕರ ಕೋರ್ಟಲ್ಲಿ ಹಾಕಿರೋ ಕೇಸಿಗೆ ಅಂತ ಇವರು ತಾರೀಕಿನ ಪ್ರಕಾರ ಜೋಡಿಸಿ ಪಿನ್ ಹೊಡೀತಿದ್ದಾರೆ. ಲೋಟ ಇಡೋಕೆ ಹೋದೆ. "ಸಾಕ್ಷಿ ಮೇಲೆ ಇಡಬೇಡ ಕಣೇ" ಅಂದರು.

ಮೆಷಿನ್ ಮಾತ್ರ ಕಿವಿಯಲ್ಲಿ ಕೂತು ಕುಂಯ್ ಅಂತಾನೇ ಇದೆ. "ಮೆಷಿನ್ ಸರಿ ಇದೆ, ನಿಮ್ಮ ಕಿವೀದೇ ದೋಷ" ಅಂದಿದ್ದಾನೆ ಅಂಗಡಿಯವನು. ಅವತ್ತಿಂದ ಇವರು ನಾಲ್ಕು ಜನ ಸೇರೋ ಕಡೆ ಹೋಗೋದೇ ಬಿಟ್ಟಿದ್ದಾರೆ. ಹರಟೆಮಲ್ಲ ಮನುಷ್ಯ... ನೋಡೋಕಾಗಲ್ಲ.

ಮಾರ್ಚ್ 5

ಕಿವಿ ಡಾಕ್ಟರು ತಮ್ಮಲ್ಲಿದ್ದ ಬೇರೆ ಮೆಷಿನ್ ಹಾಕಿ ನೋಡಿದರು. ಪಿಸುಮಾತೂ ಕೇಳಿಸ್ತು. ಹಾಗಂತ ಬರೆದುಕೊಟ್ಟರು. ಮೇಲಿನ ಮನೆ ಲಾಯರಮ್ಮ ಫೈಲ್ ನೋಡಿ, "ಚೆನ್ನಾಗಿದೆ ಆಂಟಿ. ಅಂಗಡಿ ಮೆಷಿನ್ ಮನೇಲಿ ಹೇಗೆ ಸತಾಯಿಸುತ್ತೆ ಅಂತ ಒಂದು ವಿಡಿಯೋನೂ ಇರಲಿ" ಅಂದಳು.

ಮಾರ್ಚ್ 6

ವಿಡಿಯೋ ಆಯ್ತು. ಇವರು ಅಂಗಡಿ ಮೆಷಿನ್ ಹಾಕಿಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತರು. ನಾನು ಮೊಬೈಲ್ ಹಿಡಿದು ಬೆನ್ನ ಹಿಂದೆ. "ನೀರು ಬೇಕಾ?" ಉತ್ತರ ಇಲ್ಲ. "ಯಾರೋ ಬಾಗಿಲು ತಟ್ತಿದಾರೆ." ಊಹೂಂ. ಹೇಳೋ ಮಾತೆಲ್ಲ ಮುಗೀತು. ಆಮೇಲೆ ಅದೇನು ಬಂತೋ ನಂಗೆ —

"ನನ್ನ ಆಪರೇಷನ್ ದಿನ ಮೆಟ್ಟಿಲ ಹತ್ರ ನಿಂತು ಅತ್ತಿರಂತೆ. ನರ್ಸ್ ಹೇಳಿದಳು. ನಂಗೆ ಗೊತ್ತಿಲ್ಲದ ಹಾಗೇ ಇದ್ದೆ. ನೀವಿದ್ದೀರಿ ಅಂತಲೇ ನಂಗೆ ಯಾವುದಕ್ಕೂ ಭಯ ಇಲ್ಲ" ಅಂದುಬಿಟ್ಟೆ.

ಬೆನ್ನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ, "ಇನ್ನೂ ಶುರು ಮಾಡಿಲ್ವಾ?" ಅಂದರು.

ಮಾರ್ಚ್ 7

ಅಳಿಸಿ ಹೊಸದು ಮಾಡೋಣ ಅಂತಿದ್ದೆ. ಬೆಳಗ್ಗೇನೇ ಪೆನ್‌ಡ್ರೈವಿಗೆ ಹಾಕಿಸಿ ಕೋರ್ಟಿಗೆ ಕೊಟ್ಟು ಬಂದಿದ್ದಾರೆ, ಮಹಾನುಭಾವರು. ರಸೀದಿ ಸಮೇತ.

ಮಾರ್ಚ್ 28

ಕೋರ್ಟಿನ ಚಿಕ್ಕ ಕೋಣೆ. ದೊಡ್ಡ ಸ್ಪೀಕರು. ವಿಡಿಯೋ ಹಾಕಿದರು. ಮೊದಲು ಕುಂಯ್, ಆಮೇಲೆ ನನ್ನ ದನಿ. ಟೈಪಿಸ್ಟ್ ಬೆರಳು ನಿಂತವು. ಅಂಗಡಿಯವನು ತಲೆ ತಗ್ಗಿಸಿದ. ಎಲ್ಲರೂ ಇವರನ್ನೇ ನೋಡ್ತಿದಾರೆ — ಇವರೊಬ್ಬರಿಗೆ ಕೇಳಿಸ್ತಿಲ್ಲ. ನಾನು ಸೆರಗು ತಿರುಚುತ್ತಾ ಕೂತೆ.

ಜಡ್ಜು ಕನ್ನಡಕ ಒರೆಸಿಕೊಂಡು, ಡಾಕ್ಟರ ಕಾಗದ ಓದಿ, ಅಂಗಡಿಯವನು ಮೆಷಿನ್ ವಾಪಸ್ ತಗೊಂಡು ಪೂರ್ತಿ ಹಣ ಕೊಡಬೇಕು ಅಂದರು. ಇವರಿಗೆ ಚೀಟಿಯಲ್ಲಿ ಬರೆದು ತೋರಿಸಿದೆ: ಗೆದ್ವಿ. ಅದೇ ಚೀಟಿಯಲ್ಲಿ ಬರೆದರು: ಎಲ್ಲರೂ ನನ್ನನ್ನೇ ಯಾಕೆ ನೋಡಿದ್ರು?

ಏಪ್ರಿಲ್ 11, ಸಂಜೆ

ಡಾಕ್ಟರು ಹೇಳಿದ ಹೊಸ ಮೆಷಿನ್ ಬಂತು. ಮನೆಯೆಲ್ಲ ಸುತ್ತಿ ನಲ್ಲಿ, ಫ್ಯಾನು, ಬಾಗಿಲು ಕೇಳಿಸಿಕೊಂಡು ಬಂದರು. ಆಮೇಲೆ ಎದುರಿಗೆ ಕೂತು, "ಈಗ ಹೇಳು. ಅವತ್ತು ವಿಡಿಯೋದಲ್ಲಿ ಏನಂದೆ?"

ಮೆಲ್ಲಗೆ, ಇವರ ಮುಖ ನೋಡದೆ, ಎಲ್ಲ ಹೇಳಿದೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದು ಸಲ ಹೇಳು."

"ಕೇಳಿಸಲಿಲ್ವಾ?"

"ಕೇಳಿಸ್ತು."

ಕಾಫಿ ಮಾಡ್ತೀನಿ ಅಂತ ಅಡುಗೆಮನೆಗೆ ಬಂದು ಇದನ್ನ ಬರೀತಿದ್ದೀನಿ. ಹಾಲು ಇಟ್ಟಿದ್ದೀನಿ. ಇವರು ಬಾಗಿಲಲ್ಲಿ ಬಂದು ನಿಂ —